ಪ್ರಿಂಟ್ ಕೊಟ್ಟಿದ್ದು ಇಲ್ಲಿ, ಹೋಗಿದ್ದು ಎಲ್ಲಿಗೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳಲ್ಲಿ ಸುದ್ದಿಗಾಗಿ ತಿರುಗುವ ನನಗೆ ಎಲ್ಲ ಊರಲ್ಲೂ ಕೂರಲು ಸಿಗುವ ಜಾಗ ಅಂದರೆ ಝೆರಾಕ್ಸ್ ಅಂಗಡಿ. ತಾಲ್ಲೂಕು ಕಚೇರಿಯ ಎದುರು ಒಂದು, ಬಸ್ ಸ್ಟ್ಯಾಂಡಿನ ಪಕ್ಕ ಒಂದು, ಬ್ಯಾಂಕಿನ ಕೆಳಗೆ ಒಂದು ಇದ್ದೇ ಇರುತ್ತದೆ. ಸುದ್ದಿ ಹುಟ್ಟುವುದು ಕಚೇರಿಯ ಒಳಗಾದರೂ ಜನ ಬಾಯಿಬಿಡುವುದು ಝೆರಾಕ್ಸ್ ಅಂಗಡಿಯಲ್ಲಿ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಹಾಲ್ ಟಿಕೆಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಆಧಾರ್, ಪಾಸ್‌ಪೋರ್ಟ್ ಫೋಟೊ, ಎಲ್ಲವೂ ಆ ಎಂಟಡಿ ಅಗಲದ ಅಂಗಡಿಯನ್ನು ದಾಟಿಯೇ ಮುಂದೆ ಹೋಗಬೇಕು.

ಅಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು: "ಪ್ರಿಂಟ್ ಬರವಲ್ದು, ಸರ್ವರ್ ಇಲ್ಲ ನೋಡ್ರಿ. ಮಧ್ಯಾಹ್ನ ಬರ್ರಿ."

ಸರ್ವರ್ ಅನ್ನುವುದು ಈಗ ನಮ್ಮ ಕಡೆ ಮಳೆಯ ಹಾಗೆ. ಬಂದರೆ ಬಂತು, ಇಲ್ಲದಿದ್ದರೆ ಯಾರನ್ನೂ ಕೇಳುವಂತಿಲ್ಲ. ಎಷ್ಟೋ ಸಲ ಸರ್ವರ್ ನಿಜವಾಗಿಯೂ ಇರುವುದಿಲ್ಲ, ಅದು ಬೇರೆ ಮಾತು. ಆದರೆ ಅಂಗಡಿಗಳಲ್ಲಿ ಕೂತು ನೋಡಿದ ಮೇಲೆ ನನಗೆ ಗೊತ್ತಾಗಿದ್ದು ಇಷ್ಟು: ನಿಮ್ಮ ಕಾಗದ ಕಂಪ್ಯೂಟರಿನ ಪರದೆ ಮೇಲೆ ಕಾಣುತ್ತಿದ್ದರೆ ಸರ್ವರ್ ತನ್ನ ಕೆಲಸ ಮುಗಿಸಿದೆ ಎಂದರ್ಥ. ಆಮೇಲೆ ಅದು ಹಾಳೆಯ ಮೇಲೆ ಬರಲಿಲ್ಲ ಅಂದರೆ ತೊಂದರೆ ಇರುವುದು ಅದೇ ಟೇಬಲ್ಲಿನ ಮೇಲೆ. ಹಾಳೆ ಇಲ್ಲ, ಇಂಕ್ ಇಲ್ಲ, ವೈರ್ ಸಡಿಲಾಗಿದೆ. ಇವ್ಯಾವುದೂ ಅಲ್ಲದಿದ್ದರೆ ಹೆಚ್ಚಿನ ಸಲ ಕಾರಣ ಒಂದೇ. ಪ್ರಿಂಟ್ ಹೋಗಿದೆ, ಆದರೆ ಬೇರೆ ಕಡೆ ಹೋಗಿದೆ. ಅದನ್ನು ಬೇರೆ ಕಡೆ ಕಳಿಸಿದ್ದು ಡಿಫಾಲ್ಟ್ ಪ್ರಿಂಟರ್ ಅನ್ನುವ ಒಂದು ಸಣ್ಣ ಸೆಟ್ಟಿಂಗ್.

ಡಿಫಾಲ್ಟ್ ಅಂದರೆ ಏನು?

ನಮ್ಮ ಹೋಟೆಲಿನಲ್ಲಿ "ಒಂದು ವಗ್ಗರಣಿ" ಅಂದರೆ ಮಿರ್ಚಿ ಜೊತೆಗೇ ಬರುತ್ತದೆ. "ಚಾ" ಅಂದರೆ ಹಾಲು-ಸಕ್ಕರೆ ಹಾಕಿದ ಚಾ. ಸಕ್ಕರೆ ಬೇಡ ಅನ್ನುವವರು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ರೂಢಿಯಂತೆ ಬರುತ್ತದೆ. ಏನೂ ಹೇಳದಿದ್ದಾಗ ತಾನಾಗಿಯೇ ಆಗುವುದು ಯಾವುದೋ ಅದೇ ಡಿಫಾಲ್ಟ್.

ಕಂಪ್ಯೂಟರಿಗೂ ಹಾಗೆಯೇ. ಪ್ರಿಂಟ್ ಒತ್ತಿದಾಗ "ಯಾವ ಪ್ರಿಂಟರಿಗೆ?" ಎಂದು ನೀವು ಹೇಳದಿದ್ದರೆ, ತನ್ನ ಪಟ್ಟಿಯಲ್ಲಿ ಡಿಫಾಲ್ಟ್ ಎಂದು ಬರೆದುಕೊಂಡ ಪ್ರಿಂಟರಿಗೆ ಅದು ಕಳಿಸುತ್ತದೆ. ಆ ಪ್ರಿಂಟರ್ ಆನ್ ಇದೆಯೋ ಇಲ್ಲವೋ, ಅದರಲ್ಲಿ ಹಾಳೆ ಇದೆಯೋ ಫೋಟೊ ಪೇಪರ್ ಇದೆಯೋ ಎಂದು ಅದು ಯೋಚಿಸುವುದಿಲ್ಲ.

ಹಿಂದೆ ಈ ತಾಪತ್ರಯ ಇರಲಿಲ್ಲ. ಡಾಸ್ ಕಾಲದ ಕಂಪ್ಯೂಟರಿನ ಹಿಂದೆ ಒಂದು ಅಗಲವಾದ ಸಾಕೆಟ್ ಇರುತ್ತಿತ್ತು, ಅದಕ್ಕೆ ಕಿರ್ರ್ ಎಂದು ಕೂಗುವ ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಇರುವುದೇ ಒಂದಾದ ಮೇಲೆ ಆರಿಸುವುದೇನು ಬಂತು? ಈಗ ಒಂದು ಸಾಧಾರಣ ಅಂಗಡಿಯಲ್ಲೂ ಕಪ್ಪು-ಬಿಳುಪಿಗೆ ಒಂದು ಲೇಸರ್, ಬಣ್ಣ ಮತ್ತು ಫೋಟೊಗೆ ಒಂದು ಇಂಕ್ ಟ್ಯಾಂಕ್, ಹಣ ಬಿಡಿಸಿದ ರಸೀದಿಗೆ ಒಂದು ಚಿಕ್ಕ ಥರ್ಮಲ್ ಪ್ರಿಂಟರ್ ಇರುತ್ತವೆ.

ಇವು ಕಣ್ಣಿಗೆ ಕಾಣುವವು. ಕಾಣದವು ಇನ್ನೂ ಇವೆ. ವಿಂಡೋಸ್ 10 ಮತ್ತು 11ರ ಪಟ್ಟಿ ತೆರೆದರೆ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಎಂಬ ಹೆಸರು ಕಾಣುತ್ತದೆ. ಕೆಲವು ಕಂಪ್ಯೂಟರುಗಳಲ್ಲಿ 'ಒನ್‌ನೋಟ್', 'ಫ್ಯಾಕ್ಸ್' ಕೂಡ ಇರುತ್ತವೆ. ಇವುಗಳಿಗೆ ಮೈಯೇ ಇಲ್ಲ. ಹೆಸರು ಪ್ರಿಂಟರ್, ಆದರೆ ಹಾಳೆ ಹೊರಗೆ ಬರುವುದಿಲ್ಲ. ಪಿಡಿಎಫ್ ಪ್ರಿಂಟರ್ ಕಾಗದವನ್ನು ಫೈಲ್ ಮಾಡಿ ಕಂಪ್ಯೂಟರಿನೊಳಗೇ ಇಡುತ್ತದೆ. ಇವುಗಳಲ್ಲಿ ಒಂದು ಡಿಫಾಲ್ಟ್ ಆಗಿ ಕೂತರೆ ಅಂಗಡಿಯವನು ಹತ್ತು ಸಲ ಒತ್ತಿದರೂ ಹಾಳೆ ಬರುವುದಿಲ್ಲ.

ಕೂಡ್ಲಿಗಿಯಲ್ಲಿ ಒಂದು ಬೆಳಿಗ್ಗೆ ಹೀಗೇ ಆಯಿತು. ಪರೀಕ್ಷೆಗೆ ಹೊರಟಿದ್ದ ಹುಡುಗನೊಬ್ಬ ಹಾಲ್ ಟಿಕೆಟ್ ತೆಗೆಸಲು ಬಂದಿದ್ದ. ಪರದೆ ಮೇಲೆ ಅವನ ಫೋಟೊ ಸಮೇತ ಹಾಲ್ ಟಿಕೆಟ್ ಕಾಣುತ್ತಿದೆ. ಪ್ರಿಂಟ್ ಒತ್ತಿದರೆ 'ಸೇವ್' ಎಂದು ಕೇಳುವ ಡಬ್ಬಿಯೊಂದು ತೆರೆಯುತ್ತದೆ. ಅಂಗಡಿಯಲ್ಲಿದ್ದ ಹುಡುಗ ಅದನ್ನು ಓದದೆ ಎಂಟರ್ ಒತ್ತುತ್ತಾನೆ. ಮತ್ತೆ ಪ್ರಿಂಟ್, ಮತ್ತೆ ಎಂಟರ್. "ಪ್ರಿಂಟರ್ ಕೆಟ್ಟೈತಿ ಅಣ್ಣ, ಬ್ಯಾರೆ ಕಡಿಗೆ ಹೋಗು" ಅಂದ. ಪ್ರಿಂಟರ್ ಕೆಟ್ಟಿರಲಿಲ್ಲ, ಅದಕ್ಕೆ ಯಾರೂ ಕೆಲಸವನ್ನೇ ಕೊಟ್ಟಿರಲಿಲ್ಲ. ಪಟ್ಟಿಯಲ್ಲಿ ಲೇಸರಿನ ಹೆಸರು ಆರಿಸಿದ ಕೂಡಲೇ ಹಾಳೆ ಬಂತು. ಹುಡುಗ ಅದನ್ನು ಮಡಚದೆ ಅಂಗಿಯೊಳಗೆ ಇಟ್ಟುಕೊಂಡು ಹೊಸಪೇಟೆ ಬಸ್ಸಿಗೆ ಓಡಿದ. ಅಂಗಡಿಯ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಅವನ ಹಾಲ್ ಟಿಕೆಟ್ಟಿನ ಪ್ರತಿ ಉಳಿದುಕೊಂಡಿತ್ತು. ಅದು ಅವನಿಗೆ ಗೊತ್ತಿರಲಿಲ್ಲ, ಅಂಗಡಿಯವನಿಗೂ ಗೊತ್ತಿರಲಿಲ್ಲ.

ತಾನೇ ಬದಲಾಗುವ ಡಿಫಾಲ್ಟ್

"ನಾನು ಸೆಟ್ ಮಾಡಿಟ್ಟಿದ್ದೆ ಸಾರ್, ಅದೇ ಬದಲಾಗತೈತಿ" ಎಂದು ಅಂಗಡಿಯವರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅದು ನಿಜಕ್ಕೂ ತಾನೇ ಬದಲಾಗುತ್ತದೆ.

2015ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಒಂದು ಅಪ್‌ಡೇಟ್ ಕೊಟ್ಟಿತು. ಅದರ ಸಂಖ್ಯೆ 1511. ಅದರಲ್ಲಿ ಒಂದು ಹೊಸ ಆಯ್ಕೆ ಬಂತು: 'ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್'. ನನ್ನ ಡಿಫಾಲ್ಟ್ ಪ್ರಿಂಟರನ್ನು ವಿಂಡೋಸೇ ನೋಡಿಕೊಳ್ಳಲಿ ಎಂದು ಅದರ ಅರ್ಥ. ಈ ಟಿಕ್ ಇದ್ದರೆ ನೀವು ಆ ಜಾಗದಲ್ಲಿ ಕೊನೆಯ ಸಲ ಬಳಸಿದ ಪ್ರಿಂಟರೇ ಮುಂದಿನ ಡಿಫಾಲ್ಟ್ ಆಗುತ್ತದೆ.

ಇದನ್ನು ಮಾಡಿದವರ ತಲೆಯಲ್ಲಿದ್ದ ಮನುಷ್ಯ ಬೇರೆ. ಅವನ ಹತ್ತಿರ ಲ್ಯಾಪ್‌ಟಾಪ್ ಇದೆ. ಆಫೀಸಿನಲ್ಲಿ ಒಂದು ಪ್ರಿಂಟರ್, ಮನೆಯಲ್ಲಿ ಒಂದು. ಮನೆಯಲ್ಲಿ ಕೂತು ಪ್ರಿಂಟ್ ಒತ್ತಿದಾಗ ಅದು ಆಫೀಸಿನ ಪ್ರಿಂಟರಿಗೆ ಹೋಗದಿರಲಿ ಎಂದು ಈ ವ್ಯವಸ್ಥೆ. ಅವನಿಗೆ ಇದು ಅನುಕೂಲವೇ. ಆದರೆ ಒಂದೇ ಟೇಬಲ್ಲಿನ ಮೇಲೆ ಮೂರು ಪ್ರಿಂಟರ್ ಇಟ್ಟುಕೊಂಡು, ಐದು ನಿಮಿಷಕ್ಕೊಬ್ಬ ಗಿರಾಕಿಗೆ ಬೇರೆ ಬೇರೆ ಕಾಗದ ತೆಗೆದುಕೊಡುವ ಬಸ್ ಸ್ಟ್ಯಾಂಡ್ ರಸ್ತೆಯ ಅಂಗಡಿಗೆ ಇದು ಉಲ್ಟಾ ಆಗುತ್ತದೆ.

ಕೊಟ್ಟೂರಿನ ಒಂದು ಅಂಗಡಿಯಲ್ಲಿ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಮೊದಲು ಶಾಲೆ ಹುಡುಗಿಯೊಬ್ಬಳಿಗೆ ಪಾಸ್‌ಪೋರ್ಟ್ ಫೋಟೊ ತೆಗೆದರು. ಫೋಟೊ ಹೋಗಿದ್ದು ಇಂಕ್ ಟ್ಯಾಂಕ್ ಪ್ರಿಂಟರಿಗೆ. ವಿಂಡೋಸ್ ಅದನ್ನೇ ಡಿಫಾಲ್ಟ್ ಮಾಡಿಕೊಂಡಿತು. ನಂತರ ಬಂದದ್ದು ಹಳ್ಳಿಯಿಂದ ಬಂದ ನಡುವಯಸ್ಸಿನ ಹೆಂಗಸು. ಸೊಸೈಟಿಯಲ್ಲಿ ಬೆಳೆ ಸಾಲಕ್ಕೆ ಪಹಣಿ ಬೇಕಿತ್ತು. ಪ್ರಿಂಟ್ ಒತ್ತಿದರೆ ಪಹಣಿ ಹೊಳೆಯುವ ಫೋಟೊ ಪೇಪರಿನ ಮೇಲೆ, ಅರ್ಧಕ್ಕೆ ಕತ್ತರಿಸಿಕೊಂಡು ಬಂತು. ಇನ್ನೊಂದು ಸಲ ಒತ್ತಿದರು, ಇನ್ನೊಂದು ಫೋಟೊ ಪೇಪರ್ ಹಾಳಾಯಿತು. ಅಂಗಡಿಯವರು ಸಿಟ್ಟಿನಲ್ಲಿ ಆ ಪ್ರಿಂಟರಿನ ವೈರ್ ಕಿತ್ತರು. ಈಗ ಪ್ರಿಂಟ್ ಎಲ್ಲಿಗೂ ಹೋಗಲಿಲ್ಲ. "ಸರ್ವರ್ ಹೋತು" ಅಂದರು.

ಆ ಹೆಂಗಸು ಏನೂ ಅನ್ನಲಿಲ್ಲ. ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡು, "ಮೂರು ಗಂಟಿ ಬಸ್ಸಿಗಾದ್ರೂ ಆಗತೈತೇನಪ್ಪ?" ಎಂದು ಕೇಳಿದರು. ಅಷ್ಟು ಹೊತ್ತಿಗೆ ಸೊಸೈಟಿಯ ಬಾಗಿಲು ತೆರೆದಿರುತ್ತದೋ ಇಲ್ಲವೋ ಎಂಬ ಲೆಕ್ಕ ಅವರ ಮುಖದಲ್ಲಿತ್ತು.

ಆ ಕಂಪ್ಯೂಟರಿನ ಟಿಕ್ ತೆಗೆಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಅಂಗಡಿಯವರೇ ತೆಗೆದರು, ನಾನು ಎಲ್ಲಿದೆ ಎಂದು ತೋರಿಸಿದೆ ಅಷ್ಟೆ.

ಒಂದು ಹಾಳೆಯ ಬೆಲೆ

ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ನಮ್ಮಲ್ಲಿ ಹಾಳೆ ಬಂದರೆ ಮಾತ್ರ ಕೆಲಸ ಮುಂದೆ ಹೋಗುತ್ತದೆ.

ಭೂಮಿ ಯೋಜನೆ ಬಂದು ಇಪ್ಪತ್ತು ವರ್ಷ ದಾಟಿತು. 2000ದ ಆಸುಪಾಸಿನಲ್ಲಿ ಕರ್ನಾಟಕದ ಕಂದಾಯ ಇಲಾಖೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದಕ್ಕೂ ಮೊದಲು ಪಹಣಿ ಬೇಕೆಂದರೆ ಶಾನುಭೋಗರ ಜಾಗಕ್ಕೆ ಬಂದಿದ್ದ ಗ್ರಾಮಲೆಕ್ಕಿಗರನ್ನು ಹುಡುಕಬೇಕಿತ್ತು. ಅವರು ಸಿಗಬೇಕು, ಸಿಕ್ಕರೆ ಬರೆದುಕೊಡಬೇಕು, ಬರೆದಿದ್ದು ಸರಿ ಇರಬೇಕು. ಆ ಬಾಗಿಲು ಕಾಯುವುದು ತಪ್ಪಿಸಲೆಂದೇ ಕಂಪ್ಯೂಟರ್ ಬಂತು. ಈಗ ದಾಖಲೆ ಬೆಂಗಳೂರಿನಿಂದ ಕೊಟ್ಟೂರಿಗೆ ಕ್ಷಣದಲ್ಲಿ ಬರುತ್ತದೆ. ಕೊನೆಯ ಎರಡಡಿ ದೂರ, ಅಂದರೆ ಕಂಪ್ಯೂಟರಿನಿಂದ ಪ್ರಿಂಟರಿನವರೆಗೆ ಬರಲು ಅರ್ಧ ದಿನ ಹಿಡಿಯುತ್ತದೆ ಅಂದರೆ ರೈತನಿಗೆ ಬದಲಾಗಿದ್ದೇನು? ಅವನು ಆಗಲೂ ಕಾಯುತ್ತಿದ್ದ, ಈಗಲೂ ಕಾಯುತ್ತಾನೆ.

ಕಾಯುವುದಕ್ಕೂ ಬೆಲೆ ಇದೆ. 2025-26ನೇ ಸಾಲಿಗೆ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಪ್ರಿಂಟ್ ಬರಲಿಲ್ಲ ಎಂದು ನಾಳೆ ಮತ್ತೆ ಬರುವವರು ಕಳೆದುಕೊಳ್ಳುವುದು ಅಷ್ಟನ್ನು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಚಾರ್ಜು ಉಳಿಯಿತು. ದಿನ ಉಳಿಯಲಿಲ್ಲ.

ಹಾಳೆ ಬಂದರೂ ಪೂರ್ತಿ ಬರಬೇಕು. ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬರ ಆದಾಯ ಪ್ರಮಾಣಪತ್ರ ಕಾಲೇಜಿನಿಂದ ವಾಪಸ್ ಬಂದಿತ್ತು. ನೋಡಿದರೆ ಕೆಳಗಿನ ಅಂಚು ಕತ್ತರಿಸಿತ್ತು, ಸಹಿಯ ವಿವರ ಇದ್ದ ಸಾಲೇ ಇಲ್ಲ. ಇದೂ ಒಂದು ಡಿಫಾಲ್ಟಿನ ಕೆಲಸ. ಪ್ರತಿ ಪ್ರಿಂಟರಿಗೂ ಹಾಳೆಯ ಅಳತೆಯ ಡಿಫಾಲ್ಟ್ ಇರುತ್ತದೆ. ಅಮೆರಿಕದ ರೂಢಿಯಲ್ಲಿ ಅದು 'ಲೆಟರ್', ಅಂದರೆ 216 ಮಿಲಿಮೀಟರ್ ಅಗಲ, 279 ಮಿಲಿಮೀಟರ್ ಉದ್ದ. ನಮ್ಮ ಅಂಗಡಿಗಳಲ್ಲಿ ಇರುವುದು ಎ-4 ಹಾಳೆ, 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಪ್ರಿಂಟರ್ ಲೆಟರ್ ಎಂದು ತಿಳಿದುಕೊಂಡಿದ್ದರೆ ಉದ್ದದಲ್ಲಿ 18 ಮಿಲಿಮೀಟರ್ ಕಡಿಮೆ ಲೆಕ್ಕ ಹಾಕುತ್ತದೆ. ಒಂದು ಸಹಿ, ಒಂದು ದಿನಾಂಕ ಮಾಯವಾಗಲು ಅಷ್ಟು ಸಾಕು. ಕೆಲವು ಪ್ರಿಂಟರ್‌ಗಳು ಹಾಳೆ ತಾಳೆಯಾಗುವುದಿಲ್ಲ ಎಂದು ದೀಪ ಮಿಣುಕಿಸುತ್ತಾ ಸುಮ್ಮನೆ ನಿಲ್ಲುತ್ತವೆ.

ನಿನ್ನೆಯ ಕಾಗದ ಇವತ್ತು

ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಹಡಗಲಿಯಲ್ಲಿ ನೋಡಿದ್ದು. ಬೆಳಿಗ್ಗೆ ಅಂಗಡಿ ತೆಗೆದು, ಹಿಂದಿನ ದಿನ ಆಫ್ ಆಗಿದ್ದ ಬಣ್ಣದ ಪ್ರಿಂಟರನ್ನು ಆನ್ ಮಾಡಿದರು. ಯಾರೂ ಏನೂ ಒತ್ತಿಲ್ಲ, ಪ್ರಿಂಟರ್ ತಾನಾಗಿಯೇ ಹಾಳೆ ಉಗುಳತೊಡಗಿತು. ಯಾರದೋ ಬ್ಯಾಂಕ್ ಸ್ಟೇಟ್‌ಮೆಂಟಿನ ಮೂರು ಪುಟ, ಯಾರದೋ ಆಧಾರ್, ಯಾರದೋ ಆಸ್ಪತ್ರೆಯ ರಿಪೋರ್ಟ್. ಅಂಗಡಿ ಮುಂದೆ ನಿಂತಿದ್ದ ನಾಲ್ಕು ಜನ ಅದನ್ನು ಕೈಗೆ ತೆಗೆದುಕೊಂಡು ಹೆಸರು ಓದಿದರು. ಊರು ಸಣ್ಣದು. ಹೆಸರು ಓದಿದರೆ ಮುಖ ನೆನಪಿಗೆ ಬರುತ್ತದೆ.

ಇದು ಭೂತಚೇಷ್ಟೆಯಲ್ಲ. ಆಫ್ ಆಗಿರುವ ಪ್ರಿಂಟರಿಗೆ ಕಳಿಸಿದ ಕಾಗದ ಕಳೆದುಹೋಗುವುದಿಲ್ಲ, ಸಾಲಿನಲ್ಲಿ ನಿಲ್ಲುತ್ತದೆ. ಇದಕ್ಕೆ ಪ್ರಿಂಟ್ ಕ್ಯೂ ಎನ್ನುತ್ತಾರೆ. ಸಾಲು ನೋಡಿಕೊಳ್ಳುವ ಕೆಲಸಗಾರನ ಹೆಸರು ಪ್ರಿಂಟ್ ಸ್ಪೂಲರ್. ಕಂಪ್ಯೂಟರ್ ಆಫ್ ಮಾಡಿ ಮತ್ತೆ ಹಾಕಿದರೂ ಈ ಸಾಲು ಸಾಮಾನ್ಯವಾಗಿ ಅಳಿಯುವುದಿಲ್ಲ. ನಿನ್ನೆ "ಬರವಲ್ದು" ಎಂದು ನಾಲ್ಕು ನಾಲ್ಕು ಸಲ ಒತ್ತಿದ್ದೆಲ್ಲ ಅಲ್ಲಿ ಕೂತಿರುತ್ತದೆ. ಪ್ರಿಂಟರ್ ಎದ್ದ ಕೂಡಲೇ ಬಾಕಿ ತೀರಿಸುತ್ತದೆ.

ಪ್ರಿಂಟ್ ಬರಲಿಲ್ಲ ಎಂದು ನೀವು ಬೇಸರದಿಂದ ಎದ್ದು ಹೋದಿರಿ. ನಿಮ್ಮ ಕಾಗದ ಹೋಗಲಿಲ್ಲ, ಅಲ್ಲೇ ಕಾದಿದೆ. ನಿಮ್ಮ ಸಾಲ ಎಷ್ಟು, ಕಾಯಿಲೆ ಏನು ಎಂಬುದು ನಾಳೆ ಬೆಳಿಗ್ಗೆ ಯಾರದೋ ಕೈಗೆ ಸಿಗಬಹುದು. ಡಿಫಾಲ್ಟ್ ತಪ್ಪಿದರೆ ಹಾಳೆ ಹಾಳಾಗುವುದಷ್ಟೇ ಅಲ್ಲ, ಮರ್ಯಾದೆಯೂ ಹೋಗಬಹುದು.

ಸರಿ ಮಾಡುವುದು ಹೇಗೆ?

ಅಂಗಡಿಯವರಿಗೆ, ಗ್ರಾಮ ಒನ್ ನಡೆಸುವವರಿಗೆ, ಶಾಲೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಮೇಷ್ಟ್ರುಗಳಿಗೆ ಇದು.

ವಿಂಡೋಸ್ 10 ಇದ್ದರೆ: ಸ್ಟಾರ್ಟ್ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಡಿವೈಸಸ್, ಅದರಲ್ಲಿ 'ಪ್ರಿಂಟರ್ಸ್ ಆಂಡ್ ಸ್ಕ್ಯಾನರ್ಸ್'. 'ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್' ಎಂಬಲ್ಲಿ ಟಿಕ್ ಇದ್ದರೆ ತೆಗೆಯಿರಿ. ಆಮೇಲೆ ನಿಮಗೆ ಬೇಕಾದ ಪ್ರಿಂಟರಿನ ಹೆಸರು ಒತ್ತಿ, ಮ್ಯಾನೇಜ್ ಒತ್ತಿ, 'ಸೆಟ್ ಆ್ಯಸ್ ಡಿಫಾಲ್ಟ್' ಒತ್ತಿ. ಮೊದಲು ಟಿಕ್ ತೆಗೆಯದಿದ್ದರೆ ಈ ಕೊನೆಯ ಬಟನ್ ಕಾಣುವುದೇ ಇಲ್ಲ. ಎಷ್ಟೋ ಜನ ಬಟನ್ ಹುಡುಕಿ ಸುಸ್ತಾಗುವುದು ಇದಕ್ಕೇ.

ವಿಂಡೋಸ್ 11 ಇದ್ದರೆ: ಸೆಟ್ಟಿಂಗ್ಸ್, 'ಬ್ಲೂಟೂತ್ ಆಂಡ್ ಡಿವೈಸಸ್', ನಂತರ 'ಪ್ರಿಂಟರ್ಸ್ ಆಂಡ್ ಸ್ಕ್ಯಾನರ್ಸ್'. ಪ್ರಿಂಟರ್‌ಗಳ ಪಟ್ಟಿ ದಾಟಿ ಕೆಳಗೆ ಬಂದರೆ ಅದೇ ಸಾಲು ಸಿಗುತ್ತದೆ, ಆಫ್ ಮಾಡಿ. ಮೇಲೆ ಹೋಗಿ ಪ್ರಿಂಟರ್ ಆರಿಸಿ ಡಿಫಾಲ್ಟ್ ಮಾಡಿ.

ಹಳೇ ವಿಂಡೋಸ್ 7 ಇನ್ನೂ ಓಡುತ್ತಿದ್ದರೆ: ಸ್ಟಾರ್ಟ್‌ನಲ್ಲಿ 'ಡಿವೈಸಸ್ ಆಂಡ್ ಪ್ರಿಂಟರ್ಸ್' ತೆರೆದು, ಪ್ರಿಂಟರಿನ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಸೆಟ್ ಆ್ಯಸ್ ಡಿಫಾಲ್ಟ್ ಪ್ರಿಂಟರ್' ಆರಿಸಿ. ಹಸಿರು ಟಿಕ್ ಬಂದರೆ ಆಯಿತು.

ಒಂದು ಕಂಪ್ಯೂಟರಿನಲ್ಲಿ ಇಬ್ಬರ ಹೆಸರಿನ ಖಾತೆ ಇದ್ದರೆ ಇಬ್ಬರಲ್ಲೂ ಬೇರೆ ಬೇರೆಯಾಗಿ ಮಾಡಬೇಕು. ಡಿಫಾಲ್ಟ್ ಇರುವುದು ಖಾತೆಗೆ, ಡಬ್ಬಿಗಲ್ಲ.

ಇದರ ಜೊತೆ ಇನ್ನು ಕೆಲವು ಸಣ್ಣ ಕೆಲಸ ಮಾಡಿಡಿ.

ಪ್ರಿಂಟರಿಗೆ ನಿಮ್ಮದೇ ಹೆಸರು ಇಡಿ. ಕಂಪನಿಯ ಉದ್ದ ಹೆಸರು, ಅದರ ಮುಂದೆ ನಂಬರು ಇದ್ದರೆ ಗಡಿಬಿಡಿಯಲ್ಲಿ ಯಾವುದು ಯಾವುದೆಂದು ತಿಳಿಯುವುದಿಲ್ಲ. 'ಪ್ರಿಂಟರ್ ಪ್ರಾಪರ್ಟೀಸ್' ತೆರೆದರೆ ಮೊದಲ ಪುಟದಲ್ಲೇ ಹೆಸರು ಬದಲಿಸಬಹುದು. ಕಪ್ಪು, ಬಣ್ಣ, ರಸೀದಿ ಎಂದು ಬರೆದಿಟ್ಟರೆ ಅಂಗಡಿಗೆ ಬಂದ ಹೊಸ ಹುಡುಗನಿಗೂ ತಿಳಿಯುತ್ತದೆ.

ಯುಎಸ್‌ಬಿ ವೈರನ್ನು ಸದಾ ಅದೇ ತೂತಿಗೆ ಹಾಕಿ. ಬೇರೆ ತೂತಿಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಅಂದುಕೊಂಡು ಅದೇ ಹೆಸರಿಗೆ 'ಕಾಪಿ 1' ಎಂದು ಸೇರಿಸಿ ಇನ್ನೊಂದನ್ನು ಹುಟ್ಟಿಸಬಹುದು. ಆಗ ಡಿಫಾಲ್ಟ್ ಆಗಿ ಉಳಿಯುವುದು ಹಳೆಯದು. ಅದು ಆಫ್‌ಲೈನ್ ಎಂದು ತೋರಿಸುತ್ತಾ ಕೂತಿರುತ್ತದೆ.

ಬ್ರೌಸರಿಗೆ ಅದರದೇ ನೆನಪು ಇದೆ. ಕ್ರೋಮ್‌ನಲ್ಲಿ ಪ್ರಿಂಟ್ ಒತ್ತಿದಾಗ ಬಲಗಡೆ ಮೇಲೆ 'ಡೆಸ್ಟಿನೇಷನ್' ಎಂದು ಬರುತ್ತದೆ. ಕೊನೆಗೆ ಬಳಸಿದ್ದನ್ನೇ ಅದು ತೋರಿಸುತ್ತದೆ. ನೀವು ವಿಂಡೋಸಿನಲ್ಲಿ ಡಿಫಾಲ್ಟ್ ಸರಿ ಮಾಡಿದ್ದರೂ ಅಲ್ಲಿ 'ಸೇವ್ ಆ್ಯಸ್ ಪಿಡಿಎಫ್' ಇದ್ದರೆ ಹಾಳೆ ಬರುವುದಿಲ್ಲ. ಪಹಣಿ, ಹಾಲ್ ಟಿಕೆಟ್ ಎಲ್ಲವನ್ನೂ ನಾವು ತೆರೆಯುವುದು ಬ್ರೌಸರಿನಲ್ಲೇ ಆದ್ದರಿಂದ ಪ್ರತಿ ಸಲ ಆ ಒಂದು ಸಾಲು ಓದುವುದು ಒಳ್ಳೆಯದು.

'ಪ್ರಿಂಟಿಂಗ್ ಪ್ರಿಫರೆನ್ಸಸ್' ಒಳಗೆ ಹೋಗಿ ಹಾಳೆಯ ಅಳತೆ ಎ-4 ಇದೆಯೇ ನೋಡಿ. ಒಂದು ಸಲ ಮಾಡಿಟ್ಟರೆ ಸಾಕು.

ರಾತ್ರಿ ಶಟರ್ ಎಳೆಯುವ ಮುಂಚೆ ಎಲ್ಲ ಪ್ರಿಂಟರಿನ ಕ್ಯೂ ತೆರೆದು ಬಾಕಿ ಇರುವುದನ್ನು ಕ್ಯಾನ್ಸಲ್ ಮಾಡಿ. ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಗಿರಾಕಿಗಳ ಕಾಗದ ಉಳಿದಿದ್ದರೆ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ. ಗಲ್ಲಾಪೆಟ್ಟಿಗೆ ಎಣಿಸುವ ಹಾಗೆ ಇದನ್ನೂ ರೂಢಿ ಮಾಡಿಕೊಳ್ಳಿ.

ಗಿರಾಕಿಗಳು ಕೇಳಬಹುದಾದದ್ದು

ಕಂಪ್ಯೂಟರ್ ಮುಟ್ಟದವರೂ ಕೆಲವು ಮಾತು ಕೇಳಬಹುದು. ಕೇಳುವುದು ಜಗಳವಲ್ಲ.

"ಪರದೆ ಮ್ಯಾಲೆ ಬಂದೈತೇನ್ರಿ?" ಎಂದು ಮೊದಲು ಕೇಳಿ. ಬಂದಿದ್ದರೆ ಸರ್ವರ್ ನೆಪ ನಡೆಯುವುದಿಲ್ಲ. "ಯಾವ ಪ್ರಿಂಟರಿಗೆ ಹೋಗೈತಿ ನೋಡ್ರಿ" ಅನ್ನಿ. ಇಷ್ಟು ಕೇಳಿದರೇ ಹೆಚ್ಚಿನ ಸಲ ಕೆಲಸ ಆಗುತ್ತದೆ.

ಆದರೂ ಬರದಿದ್ದರೆ, ಆ ಫೈಲನ್ನು ನಿಮ್ಮ ಫೋನಿಗೇ ಕಳಿಸಲು ಹೇಳಿ. ಕಾಗದ ನಿಮ್ಮ ಕೈಯಲ್ಲಿದ್ದರೆ ಪಕ್ಕದ ಅಂಗಡಿಯಲ್ಲಿ ತೆಗೆಸಬಹುದು, ಮತ್ತೆ ಶುಲ್ಕ ಕಟ್ಟುವುದು ತಪ್ಪುತ್ತದೆ. ಏಳುವ ಮುಂಚೆ "ಕ್ಯೂನಾಗಿಂದು ತೆಗೀರಿ" ಎಂದು ಹೇಳುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಹಡಗಲಿಯ ಕಥೆಯೇ ಆಗುತ್ತದೆ.

ಆಧಾರ್ ಡೌನ್‌ಲೋಡ್ ಮಾಡಿಸುವಾಗ 'ಮಾಸ್ಕ್ಡ್ ಆಧಾರ್' ಕೇಳಬಹುದು. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ಪೂರ್ತಿ ನಂಬರ್ ಬೇಡದ ಕಡೆ ಇದನ್ನು ಕೊಟ್ಟರೆ, ಹಾಳೆ ಯಾರ ಕೈಗೆ ಸಿಕ್ಕರೂ ಪೂರ್ತಿ ನಂಬರ್ ಸಿಗುವುದಿಲ್ಲ.

ಹಾಳೆ ಕೈಗೆ ಬಂದ ಮೇಲೆ ದುಡ್ಡು ಕೊಡುವ ಮುಂಚೆ ನಾಲ್ಕೂ ಅಂಚು ನೋಡಿ. ಕೆಳಗಿನ ಸಹಿ, ದಿನಾಂಕ, ಚೌಕದ ಕೋಡ್ ಪೂರ್ತಿ ಇರಬೇಕು. ಕಚೇರಿಗೆ ಹೋಗಿ ವಾಪಸ್ ಬರುವುದಕ್ಕಿಂತ ಅಲ್ಲೇ ಇನ್ನೊಂದು ಹಾಳೆ ತೆಗೆಸುವುದು ಸುಲಭ.

ಫೋನಿನಲ್ಲೂ ಇದೇ ಆಟ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ಪ್ರಿಂಟ್ ಒತ್ತಿದಾಗ ಹತ್ತಿರ ಪ್ರಿಂಟರ್ ಇಲ್ಲದಿದ್ದರೆ ಮೇಲೆ 'ಸೇವ್ ಆ್ಯಸ್ ಪಿಡಿಎಫ್' ಬರುತ್ತದೆ. ಇಲ್ಲಿ ಅದು ನಮಗೆ ಲಾಭ. ರಾತ್ರಿ ಮನೆಯಲ್ಲಿ ಸರ್ವರ್ ಖಾಲಿ ಇದ್ದಾಗ ಕಾಗದ ತೆರೆದು ಫೋನಿನಲ್ಲಿ ಉಳಿಸಿಕೊಂಡರೆ, ಬೆಳಿಗ್ಗೆ ಅಂಗಡಿಯಲ್ಲಿ ಬರೀ ಪ್ರಿಂಟ್ ಕೆಲಸ ಉಳಿಯುತ್ತದೆ.

ಕೇಳದೆ ಹಾಕಿದ ಟಿಕ್

ಈ ಒಂದು ಟಿಕ್ ನೋಡಿದ ಮೇಲೆ ನನಗೆ ಬೇರೆ ಟಿಕ್‌ಗಳೂ ಕಾಣತೊಡಗಿದವು.

ಹರಪನಹಳ್ಳಿಯವರನ್ನೇ ನೋಡಿ. 1997ರವರೆಗೆ ಬಳ್ಳಾರಿ ಜಿಲ್ಲೆ. ಆ ವರ್ಷ ದಾವಣಗೆರೆ ಹೊಸ ಜಿಲ್ಲೆಯಾದಾಗ ಅದಕ್ಕೆ ಸೇರಿದರು. ಆಮೇಲೆ ಮತ್ತೆ ಬಳ್ಳಾರಿ. 2021ರಿಂದ ವಿಜಯನಗರ. ಮನೆ ಅಲ್ಲೇ, ಹೊಲ ಅಲ್ಲೇ, ಪಿನ್ ಕೋಡ್ 583131 ಅದೇ. ಆದರೆ ಆನ್‌ಲೈನ್ ಅರ್ಜಿ ತೆರೆದರೆ ಜಿಲ್ಲೆಯ ಜಾಗದಲ್ಲಿ ಏನು ತುಂಬಿರುತ್ತದೋ ಹೇಳಲಾಗದು. ಹಳೆಯ ಖಾತೆಯಲ್ಲಿ ಒಂದು, ಹೊಸ ಪ್ರಮಾಣಪತ್ರದಲ್ಲಿ ಇನ್ನೊಂದು. ಯಾವಾಗಲೋ ಯಾರೋ ತುಂಬಿಟ್ಟ ಡಿಫಾಲ್ಟ್ ಅದು. ಓದದೆ ಮುಂದೆ ಒತ್ತಿದರೆ ಅರ್ಜಿ ಹೋಗಬಾರದ ಕಚೇರಿಗೆ ಹೋಗುತ್ತದೆ, ಪ್ರಿಂಟ್ ಬೇರೆ ಪ್ರಿಂಟರಿಗೆ ಹೋದ ಹಾಗೆ.

ಇದಕ್ಕಿಂತ ದೊಡ್ಡದು ಬೆಳೆ ವಿಮೆ. ಫಸಲ್ ಬಿಮಾ ಯೋಜನೆಯಲ್ಲಿ ಬೆಳೆ ಸಾಲ ತೆಗೆದವರಿಗೆ ಮೊದಲು ವಿಮೆ ಕಡ್ಡಾಯವಿತ್ತು. 2020ರ ಮುಂಗಾರಿನಿಂದ ಅದು ಐಚ್ಛಿಕ. ಆದರೆ ಬೇಡ ಅನ್ನುವ ಸಾಲಗಾರ ರೈತ ಕೊನೆಯ ದಿನಾಂಕಕ್ಕೆ 7 ದಿನ ಮುಂಚೆ ಬ್ಯಾಂಕಿಗೆ ಬರೆದು ಕೊಡಬೇಕು. ಸುಮ್ಮನಿದ್ದರೆ ಬೇಕು ಎಂದೇ ಅರ್ಥ, ಪ್ರೀಮಿಯಂ ಖಾತೆಯಿಂದ ಹೋಗುತ್ತದೆ. ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗೆ ರೈತನ ಪಾಲು ವಿಮಾ ಮೊತ್ತದ 2 ಪರ್ಸೆಂಟ್, ಹಿಂಗಾರಿಗೆ 1.5 ಪರ್ಸೆಂಟ್, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5 ಪರ್ಸೆಂಟ್. ವಿಮೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮಳೆ ಕೈಕೊಡುವ ನಮ್ಮ ಕೆಂಪು ಮಣ್ಣಿಗೆ ಅದು ಬೇಕಾಗಬಹುದು. ಆದರೆ ಹಾಕಿದ ಬೆಳೆ ಒಂದು, ಬ್ಯಾಂಕಿನವರು ಬರೆದ ಬೆಳೆ ಹೋದ ವರ್ಷದ್ದು ಎಂದಾದರೆ ಪರಿಹಾರ ಬರುವ ಹೊತ್ತಿಗೆ ಗೋಳು ಶುರು. ನಿಮ್ಮ ಹೆಸರಿನ ಮುಂದೆ ಏನು ಬರೆದಿದ್ದಾರೆ ಎಂದು ಕೊನೆಯ ದಿನಾಂಕದ ಒಳಗೆ ಒಮ್ಮೆ ಕೇಳಿ ನೋಡಿ.

ಡಿಫಾಲ್ಟ್ ಮಾಡುವವರು ಕೆಟ್ಟವರಲ್ಲ. ಅವರಿಗೆ ನಮ್ಮ ಊರು ಗೊತ್ತಿಲ್ಲ, ಅಷ್ಟೆ. ಲ್ಯಾಪ್‌ಟಾಪ್ ಹಿಡಿದು ಓಡಾಡುವವನನ್ನು ನೆನೆದು ಅವರು ಟಿಕ್ ಹಾಕಿದರು. ಕಟ್ಟೆಯ ಮೇಲೆ ಬಸ್ಸಿಗಾಗಿ ಕಾಯುವವರನ್ನು ನೆನೆಯಲಿಲ್ಲ. ಆ ಟಿಕ್ ತೆಗೆಯುವ ಅವಕಾಶವನ್ನಾದರೂ ಬಿಟ್ಟಿದ್ದಾರೆ. ಎಲ್ಲಿದೆ ಎಂದು ಗೊತ್ತಿದ್ದವರು ಗೊತ್ತಿಲ್ಲದವರಿಗೆ ತೋರಿಸಬೇಕು.

ನಿಮ್ಮೂರಿನ ಝೆರಾಕ್ಸ್ ಅಂಗಡಿಗೆ ಮುಂದಿನ ಸಲ ಹೋದಾಗ ಈ ಬರಹದ 'ಸರಿ ಮಾಡುವುದು ಹೇಗೆ' ಎಂಬ ಭಾಗವನ್ನು ಫೋನಿನಲ್ಲಿ ತೋರಿಸಿ. ಅವರ ಫೋಟೊ ಪೇಪರ್ ಉಳಿಯುತ್ತದೆ, ನಿಮ್ಮ ಬಸ್ಸು ತಪ್ಪುವುದಿಲ್ಲ.